ನರ್ಸಬಾಯಿಯ ವಿಮಾನಕ್ಕೆ ನೆಲ ಹದ ಮಾಡಿದ್ದು

ನರಕ ಚತುರ್ದಶಿಯ ಬೆಳಿಗ್ಗೆ ತಲೆಗೆ ಹಚ್ಚಿಕೊಂಡ ಎಣ್ಣೆ ಇನ್ನೂ ಇಳಿದಿರಲಿಲ್ಲ, ಅವ್ವಲ್ ತಾಲೂಕ್ದಾರ ಸಾಹೇಬರ ಚಪರಾಸಿ ಬೀದರಿನ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತ. ಜಿಲ್ಲೆಗೆಲ್ಲ ಅವರೇ ದೊಡ್ಡ ಅಧಿಕಾರಿ. "ಈಗಿಂದೀಗ ಬರಬೇಕಂತ್ರಿ. ಅಳತಿ ಸರಪಳಿ ತಗೊಂಡೇ ಬರ್ರಿ ಅಂದಾರ," ಎಂದ. ನಾನು ಆಗ ನಿಜಾಮ್ ಸರಕಾರದ ತಾಮೀರಾತ್ ಇಲಾಖೆಯಲ್ಲಿ ಓವರ್‌ಸಿಯರ್. ರಸ್ತೆ, ಸೇತುವೆ, ಸರಕಾರಿ ಕಟ್ಟಡ ನಮ್ಮ ಕೆಲಸ. ಹಬ್ಬದ ದಿನ ಕರೆ ಬಂದರೆ ಎಲ್ಲೋ ಗೋಡೆ ಬಿದ್ದಿರಬೇಕು ಎಂದುಕೊಂಡೇ ಹೊರಟೆ.

ಬಂಗಲೆಯಲ್ಲಿ ತಾಲೂಕ್ದಾರ ಸಾಹೇಬರ ಜೊತೆ ಬೀದರಿನ ದವಾಖಾನೆಯ ಡಾಕ್ಟರ್ ಸಾಹೇಬರೂ ಕೂತಿದ್ದರು. ವಿಷಯ ಹೇಳಿದವರು ಡಾಕ್ಟರು. ಭಾಲ್ಕಿಯ ದವಾಖಾನೆಯಲ್ಲಿ ಹೆರಿಗೆ ನೋಡುವ ನರ್ಸಬಾಯಿ ಹಬ್ಬಕ್ಕೆಂದು ತನ್ನ ಮನೆಗೆ ಸುಣ್ಣ ಬಳಿಯಲು ಗಡಿಗೆಯಲ್ಲಿ ಸುಣ್ಣದ ಕಲ್ಲು ನೆನೆಹಾಕಿದ್ದರು. ನೀರು ಕಡಿಮೆ ಬಿದ್ದು ಸುಣ್ಣ ಸಿಡಿದು ಎರಡೂ ಕಣ್ಣಿಗೆ ಬಡಿಯಿತು. ಅವರು ಚೀರಾಡಲಿಲ್ಲವಂತೆ. ಅಂಗಳದಲ್ಲಿ ಅಂಗಾತ ಮಲಗಿ, "ನಾ ಸಾಕು ಅನ್ನೂತನ ನೀರು ಹಾಕ್ರಿ, ನಿಲ್ಲಿಸಬ್ಯಾಡ್ರಿ," ಎಂದು ನೆರೆಯ ಹೆಂಗಸರಿಂದ ಒಂದು ತಾಸು ಕಣ್ಣಿಗೆ ನೀರು ಹೊಯ್ಯಿಸಿಕೊಂಡರು. ಕಣ್ಣು ಇನ್ನೂ ಪೂರ್ತಿ ಹೋಗಿರಲಿಲ್ಲ ಎಂದರೆ ಅದಕ್ಕೇ. ಹಿಂದಿನ ದಿನ ಅವರನ್ನು ರೈಲಿನಲ್ಲಿ ಬೀದರಿಗೆ ತಂದಿದ್ದರು.

"ಎಣ್ಣಿ ಹಾಕಿ, ಗಾಜಿನ ಕಡ್ಡಿಯಿಂದ ರೆಪ್ಪಿ ಬಿಡಿಸ್ತಾ ಇದ್ದೇನಿ," ಎಂದರು ಡಾಕ್ಟರು. "ಆದ್ರ ಒಳಗಿನ ಗಾಯ ಮಾಯೂವಾಗ ರೆಪ್ಪಿ ಕಣ್ಣಿನ ಗುಡ್ಡಿಗೆ ಅಂಟಿಕೊಳ್ತದ. ಅದಕ್ಕ ಆಪರೇಶನ್ ಮಾಡೋ ಕೈ ನಂದಲ್ಲ. ಹೈದರಾಬಾದಿನಾಗ ಒಬ್ಬರಿದ್ದಾರ. ನಾಕು ದಿನದಾಗ ಅಲ್ಲಿಗಿ ಮುಟ್ಟಬೇಕು."

ಮುಟ್ಟುವ ದಾರಿಯೇ ಇರಲಿಲ್ಲ. ಹಿಂದಿನ ವಾರ ಹೊತ್ತಲ್ಲದ ಹೊತ್ತಿನಲ್ಲಿ ಸುರಿದ ಮಳೆಗೆ ಬೀದರಿನ ಆಚೆ ಹಳ್ಳ ಉಕ್ಕಿ, ರೈಲು ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿತ್ತು. ಭಾಲ್ಕಿಯ ಕಡೆಯಿಂದ ಬೀದರಿನ ತನಕ ಗಾಡಿ ಬರುತ್ತಿತ್ತು, ಮುಂದಕ್ಕೆ ಇಲ್ಲ. ರಸ್ತೆಯ ಮೇಲೂ ಎರಡು ಕಡೆ ನೀರು. ಹಬ್ಬಕ್ಕೆ ಹೈದರಾಬಾದಿನ ಕಡೆ ಹೊರಟವರೆಲ್ಲ ಗಂಟುಮೂಟೆ ಸಮೇತ ಬೀದರ ಸ್ಟೇಶನ್ನಿನಲ್ಲೇ ಕೂತಿದ್ದರು. ತಂತಿ ಮಾತ್ರ ಸರಿಯಾಗಿತ್ತು. ಡಾಕ್ಟರು ಹೈದರಾಬಾದಿಗೆ ತಂತಿ ಹೊಡೆದಿದ್ದರು. ಅಲ್ಲಿ ವಿಮಾನ ನಡೆಸಲು ಕಲಿತಿದ್ದ ಒಬ್ಬ ತರುಣ, ಪಾಡ್ಯದ ಮರುದಿನ ಬೆಳಿಗ್ಗೆ ಎಂಟಕ್ಕೆ ಬಂದು ಒಬ್ಬರನ್ನು ಕರೆದೊಯ್ಯುತ್ತೇನೆ ಎಂದು ಉತ್ತರ ಕೊಟ್ಟಿದ್ದ. ಆ ತಂತಿಯನ್ನು ತಾಲೂಕ್ದಾರ ಸಾಹೇಬರು ನನ್ನ ಕೈಗಿತ್ತರು. ಆರುನೂರು ಗಜ ಉದ್ದ, ನೂರು ಗಜ ಅಗಲದ ಗಟ್ಟಿ ಸಪಾಟು ನೆಲ. ಕಲ್ಲು, ಕುಣಿ, ಗಿಡ ಇರಕೂಡದು. ನಡುವೆ ಸುಣ್ಣದ ದೊಡ್ಡ ವರ್ತುಲ. ಗಾಳಿಯ ದಿಕ್ಕು ತಿಳಿಯಲು ಹೊಗೆ. ನೆಲ ಗಟ್ಟಿಯಿದೆ ಎಂದು ಜವಾಬ್ದಾರ ಅಧಿಕಾರಿಯೊಬ್ಬ ಬರೆದುಕೊಟ್ಟ ತಂತಿ ಬಂದ ಮೇಲೆಯೇ ವಿಮಾನ ಹೊರಡುತ್ತದೆ.

"ಜಿಮ್ಮೇದಾರಿ ನಿಮ್ಮದು," ಎಂದರು ಸಾಹೇಬರು.

ನಾನು ಅಲ್ಲಿಯವರೆಗೆ ವಿಮಾನವನ್ನು ಆಕಾಶದಲ್ಲಿ ಎರಡು ಸಲ ನೋಡಿದ್ದೆ, ಅಷ್ಟೇ.

ಊರಿನ ಹೊರಗೆ, ಕೋಟೆಯ ಪಡುವಣಕ್ಕೆ, ಕೆಂಪು ಕಲ್ಲಿನ ಬಯಲೊಂದಿತ್ತು. ಮಳೆ ಬಂದರೂ ಕೆಸರಾಗದ ನೆಲ. ಅವತ್ತೇ ಸರಪಳಿ ಎಳೆದು ಪೂರ್ವ ಪಶ್ಚಿಮವಾಗಿ ಆರುನೂರು ಗಜ ಅಳೆದು ಗೂಟ ಹೊಡೆದೆ. ಆದರೆ ಕೈಗಳು ಬೇಕಲ್ಲ. ನನ್ನ ಕೂಲಿಯವರೆಲ್ಲ ಹಬ್ಬಕ್ಕೆ ಊರಿಗೆ ಹೋಗಿದ್ದರು. ಉಳಿದವನು ಮೇಸ್ತ್ರಿ ಒಬ್ಬನೇ, ಹಲಬರ್ಗಾದವನು. ಅವನೂ ಸಂಜೆಯ ಗಾಡಿಗೆ ಹೊರಡುವವನಿದ್ದ. ಕೆಲಸ ಯಾರಿಗಾಗಿ ಎಂದು ಹೇಳಿದೆ.

"ಭಾಲ್ಕಿ ನರ್ಸಬಾಯಿಯೋರಿಗೇನ್ರಿ?" ಎಂದು ಕೇಳಿದ. "ನನ್ನ ಎರಡನೇ ಮಗಳು ಹೆರಿಗ್ಯಾಗ ಅಡ್ಡ ಬಂದಿದ್ಲರಿ. ನಾ ಊರಿಗಿ ಹೋಗೇ ಬರ್ತೇನಿ, ಆದ್ರ ಒಬ್ಬನೇ ಬರಂಗಿಲ್ಲ."

ಅಮಾವಾಸ್ಯೆಯ ಬೆಳಗಿನ ಗಾಡಿಗೆ ಹಲಬರ್ಗಾದಿಂದ ಹದಿನಾರು ಜನ ಇಳಿದರು. ಹನ್ನೊಂದು ಗಂಡಸರು, ಐದು ಹೆಂಗಸರು. ಬುಟ್ಟಿ, ಗುದ್ದಲಿ ಅವರೇ ತಂದಿದ್ದರು. ಸಂಜೆ ಲಕ್ಷ್ಮಿ ಪೂಜೆಗೆ ಮನೆ ಸೇರಬೇಕು ಎಂಬುದೊಂದೇ ಅವರ ಕರಾರು. ಕಲ್ಲು ಆರಿಸಿದರು, ಕುಣಿಗಳಿಗೆ ಮೊರಂ ಮಣ್ಣು ತುಂಬಿ ಕುಟ್ಟಿದರು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಎತ್ತು ಕಟ್ಟಿ ರಸ್ತೆಯ ಕಲ್ಲುರುಳೆ ಎಳೆಸಿದೆ. ಉರುಳೆ ಹೋದ ಕಡೆ ನೆಲ ಒಂದು ಬೆರಳೂ ಕುಸಿಯಲಿಲ್ಲ.

ಆ ಹೊತ್ತಿಗೆ ಡಾಕ್ಟರ್ ಸಾಹೇಬರು ನನ್ನನ್ನು ದವಾಖಾನೆಗೆ ಕರೆಸಿದರು. ಅಂಥದೇ ವಿಮಾನವನ್ನು ಅವರು ಹೈದರಾಬಾದಿನಲ್ಲಿ ಹತ್ತಿರದಿಂದ ನೋಡಿದ್ದರು. ಒಂದರ ಹಿಂದೆ ಒಂದರಂತೆ ತೊಟ್ಟಿಯಂಥ ಎರಡೇ ಕುಳಿ. ಹಿಂದಿನದು ನಡೆಸುವವನಿಗೆ, ಮುಂದಿನದು ಪ್ರಯಾಣಿಕರಿಗೆ. ಜೊತೆಗೊಬ್ಬರು ಹೋಗುವ ಹಾಗಿಲ್ಲ. ಹತ್ತಲು ಕೆಳಗಿನ ರೆಕ್ಕೆಯ ಮೇಲೆ ಕಾಲಿಡಬೇಕು. ಆದರೆ ರೆಕ್ಕೆ ಎಂದರೆ ಬಣ್ಣ ಹಚ್ಚಿದ ಬಟ್ಟೆ. ಒಡಲಿನ ಪಕ್ಕ ಒಂದು ಗೇಣಗಲ ಹಲಗೆಯಿದ್ದಲ್ಲಿ ಮಾತ್ರ ಕಾಲಿಡಬಹುದು. ತಪ್ಪಿದರೆ ಬಟ್ಟೆ ಹರಿದು ವಿಮಾನ ಅಲ್ಲೇ ಕೂತುಬಿಡುತ್ತದೆ. ಹತ್ತಬೇಕಾದವರ ಎರಡೂ ಕಣ್ಣಿಗೆ ಪಟ್ಟಿ.

"ಏನು ಮಾಡ್ತೀರಿ, ಓವರ್‌ಸಿಯರ್ ಸಾಹೇಬ್ರ?" ಎಂದರು.

ದವಾಖಾನೆಯ ಅಂಗಳದಲ್ಲಿ ಒಂದು ಖಾಲಿ ಎತ್ತಿನ ಬಂಡಿ ಇತ್ತು. ಅದರ ನೊಗವನ್ನು ಕಲ್ಲಿನ ಮೇಲೆ ಎತ್ತಿಟ್ಟು, ಮೇಲೆ ಧಾನ್ಯದ ಪೆಟ್ಟಿಗೆಯೊಂದನ್ನು ಮುಚ್ಚಳ ಕಿತ್ತು ಬಿಗಿದೆ. ಪಕ್ಕಕ್ಕೆ ಡಾಕ್ಟರು ಹೇಳಿದ ಎತ್ತರದಲ್ಲಿ ಒಂದು ಹಲಗೆ ಕಟ್ಟಿ, ಹಲಗೆಯ ಆಚೆ ಹಳೆಯ ಧೋತರ ಬಿಗಿಯಾಗಿ ಎಳೆದು ಕಟ್ಟಿದೆ. ಅದೇ ನಮ್ಮ ವಿಮಾನ.

ನರ್ಸಬಾಯಿಯನ್ನು ನಾನು ಮೊದಲು ನೋಡಿದ್ದು ಆಗ. ನಲವತ್ತರ ಆಚೀಚಿನ ಗಟ್ಟಿ ಹೆಂಗಸು. ಹಣೆಯ ವಿಭೂತಿ ಪಟ್ಟಿಯ ಕೆಳಗೆ ಅರ್ಧ ಮುಚ್ಚಿತ್ತು. ಬಂಡಿಯನ್ನು ಕೈಯಿಂದ ತಡವಿ, "ಇದು ಬಂಡಿ ಅಲ್ಲೇನ್ರಿ? ವಿಮಾನ ಅಂದ್ರಿ?" ಎಂದು ನಕ್ಕರು.

"ಇದರಾಗ ಕಲೀರಿ ಬಾಯಿಯವರ. ಎಡಗೈಲೆ ಈ ಅಂಚು ಹಿಡೀರಿ. ಎಡಗಾಲು ಹಲಗಿ ಮ್ಯಾಲ. ಬಲಗಾಲು ಎತ್ತಿ ಸೀದಾ ಒಳಗ. ಬಲಕ್ಕ ಎಲ್ಲೂ ಇಡಬ್ಯಾಡ್ರಿ."

ಮೊದಲ ಸಲ ಅವರ ಕಾಲು ಧೋತರದ ಮೇಲೆ ಬಿತ್ತು, ಧೋತರ ಪರ್ರನೆ ಹರಿಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಅವರು ಹಲಗೆಯ ಮುಂದೆ ನಿಂತು ಉದ್ದಗಲವನ್ನು ಗೇಣು ಹಾಕಿ ಅಳೆದುಕೊಂಡರು. "ನನಗ ಕೈಗಿ ಗೊತ್ತಾಗ್ಬೇಕ್ರಿ. ಕೂಸಿನ ತಲಿ ಎಲ್ಲದ ಅಂತ ನಾ ಎಂದೂ ಕಣ್ಣೀಲೆ ನೋಡಿಲ್ಲ, ಕೈಲೇ ನೋಡೇನಿ," ಎಂದರು. ಆಮೇಲೆ ತಪ್ಪಲಿಲ್ಲ. ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಹನ್ನೆರಡು ಸಲ ಹತ್ತಿ ಹನ್ನೆರಡು ಸಲ ಇಳಿದರು. ಒಳಗೆ ಕೂತಾಗ ಎದುರಿನ ಯಾವುದನ್ನೂ ಮುಟ್ಟಬಾರದೆಂದು ಕೈಗಳನ್ನು ಮಡಿಲಲ್ಲಿ ಕಟ್ಟಿಕೊಳ್ಳುವುದನ್ನೂ ರೂಢಿ ಮಾಡಿಕೊಂಡರು.

ತೂಕವನ್ನೂ ತಂತಿಯಲ್ಲಿ ತಿಳಿಸಬೇಕಿತ್ತು. ಸ್ಟೇಶನ್ನಿನ ಪಾರ್ಸೆಲ್ ಕಾಂಟೆಯ ಮೇಲೆ ಅವರನ್ನು ನಿಲ್ಲಿಸಿದಾಗ ಗಾಡಿ ಕಾಯುತ್ತಿದ್ದ ಜನವೆಲ್ಲ ಸುತ್ತ ನೆರೆಯಿತು. "ನಾ ಏನು ಹತ್ತಿ ಅಂಡಗಿ ಏನ್ರಿ, ಎಲ್ಲಾರೂ ನೋಡ್ಲಿಕ್ಕತ್ತೀರಿ?" ಎಂದು ಅವರೇ ಕೇಳಿದರು. ಹೆರಿಗೆಯ ಸಾಮಾನಿನ ಚೀಲ ಕೈಯಲ್ಲೇ ಇತ್ತು. ಅದೂ ಸೇರಿದರೆ ತೂಕ ಮೀರುತ್ತಿತ್ತು. ಚೀಲ ಇಳಿಸಿರಿ ಎಂದಾಗ ಮಾತ್ರ ಅವರ ಮುಖ ಸಣ್ಣದಾಯಿತು. ಅದನ್ನು ಡಾಕ್ಟರ ಕಡೆ ಚಾಚಿದರು. "ಕತ್ತರಿ, ದಾರ ಕುದಿಸಿ ಭಾಲ್ಕಿಗಿ ಕಳಸ್ರಿ. ಮೆಹಕರದಾಗ ಇಬ್ಬರು ದಿನ ತುಂಬಿದವರಿದ್ದಾರ. ಅಲ್ಲಿಯ ಸೂಲಗಿತ್ತಿ ಜಾಣಿ, ಆದ್ರ ಕತ್ತರಿ ತೊಳೆಯಂಗಿಲ್ಲ."

ಪಾಡ್ಯದ ಬೆಳಿಗ್ಗೆ ಕಲ್ಲು ತುಂಬಿದ ಬಂಡಿಯನ್ನು ಬಯಲಿನ ಉದ್ದಕ್ಕೂ ಓಡಿಸಿ ಕೊನೆಯ ಪರೀಕ್ಷೆ ಮಾಡಿದೆ. ಸುಣ್ಣದ ವರ್ತುಲ ಎಳೆದೆ. ತಾಲೂಕ್ದಾರ ಸಾಹೇಬರ ಮೇಜಿನ ಮುಂದೆ ನಿಂತು, ‘ನೆಲ ಎಲ್ಲ ಕಡೆ ಗಟ್ಟಿಯಾಗಿದೆ’ ಎಂದು ಬರೆದು ಸಹಿ ಹಾಕಿದೆ. ತಂತಿ ಹೋಯಿತು.

ಮಧ್ಯಾಹ್ನ ಮತ್ತೊಮ್ಮೆ ನೋಡಿ ಬರೋಣವೆಂದು ಒಬ್ಬನೇ ಹೋದೆ. ಹೋಗದಿದ್ದರೂ ನಡೆಯುತ್ತಿತ್ತು. ಬಯಲಿನ ಅಂಚಿನಲ್ಲಿ ಮುದುಕಿಯೊಬ್ಬಳು ಹಬ್ಬದ ದನಗಳಿಗೆ ಹುಲ್ಲು ಕೊಯ್ಯುತ್ತಿದ್ದಳು. ಔರಾದ ಕಡೆಯ ಡಾಬಕಾ ಅವಳ ತವರು. ಮದುವೆಯಾಗಿ ಬಂದಂದಿನಿಂದ ಇದೇ ಬಯಲಿನ ಹುಲ್ಲು ಕೊಯ್ದು ಮಾರುವವಳು. ನಾನು ಗೂಟ ಎಣಿಸುವುದನ್ನು ನೋಡಿ ಕೇಳಿದಳು: "ಇಲ್ಲಿ ಏನು ಕಟ್ಟತೀಯಪ್ಪಾ?"

"ಕಟ್ಟೂದಲ್ಲವ್ವ. ನಾಳಿ ವಿಮಾನ ಇಳೀತದ."

"ಭಾರ ಇರ್ತದೇನು?"

"ಬಂಡಿಗಿಂತ ಸ್ವಲ್ಪ ಜಾಸ್ತಿ. ಆದ್ರ ಜೋರು ಓಡ್ತದ."

ಅವಳು ಕುಡುಗೋಲು ಕೆಳಗಿಟ್ಟಳು. "ಮತ್ತ ನೀರಿನ ಮ್ಯಾಲ ಯಾಕ ಇಳಸ್ತಿ?"

ನನಗೆ ಅರ್ಥವಾಗಲಿಲ್ಲ. ಅವಳು ಎದ್ದು, ನನ್ನ ಸುಣ್ಣದ ವರ್ತುಲದಿಂದ ಮೂವತ್ತು ಹೆಜ್ಜೆ ನಡೆದು, ಕಾಲಿನಿಂದ ನೆಲ ತಟ್ಟಿ ತೋರಿಸಿದಳು. "ಬ್ಯಾಸಗ್ಯಾಗ ಎಲ್ಲಾ ಒಣಗತದ, ಇಲ್ಲಿಂದ ಅಲ್ಲೀತನಾ ಒಂದು ಗೀಟು ಹಸರು ಇರ್ತದ. ಕೆಳಗ ಸುರಂಗ ಬಾವಿ ಅದ. ನಮ್ಮ ಅತ್ತಿ ಕಾಲಕ್ಕ ಇಲ್ಲೇ ಒಂದು ಎಮ್ಮಿ ಬಿದ್ದು ಸತ್ತಿತ್ತಂತ. ಆಗ ಬಾಯಿ ಮುಚ್ಯಾರ."

ಬೀದರಿನಲ್ಲಿ ಹಿಂದಿನ ಸುಲ್ತಾನರ ಕಾಲದ ಸುರಂಗ ಬಾವಿಗಳ ಮಾತು ನಾನೂ ಕೇಳಿದ್ದೆ. ನೆಲದ ಆಳದಲ್ಲಿ ಕಾಲುವೆ ಕೊರೆದು, ಗಾಳಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ಬಾವಿಯಂತೆ ಬಾಯಿ ಬಿಟ್ಟಿರುತ್ತಾರೆ. ಈ ಬಯಲಿನ ಕೆಳಗೂ ಒಂದು ಹೋಗುತ್ತದೆಂದು ಯಾವ ನಕ್ಷೆಯಲ್ಲೂ ಇರಲಿಲ್ಲ. ಮನೆಗೆ ಓಡಿ ಹಾರೆ ತಂದೆ. ಅವಳು ತೋರಿಸಿದ ಜಾಗದಲ್ಲಿ ಹಾರೆ ಇಳಿಸಿದೆ. ಮೊದಲ ಏಟಿಗೆ ಮಣ್ಣು. ಎರಡನೆಯದಕ್ಕೆ ಕಲ್ಲುಚಪ್ಪಡಿಯ ಸದ್ದು. ಚಪ್ಪಡಿಯ ಸಂದಿಗೆ ಇಳಿಸಿದ ಮೂರನೆಯ ಏಟಿಗೆ ಹಾರೆ ಕೈ ಜಾರಿ ಒಳಗೆ ಹೋಯಿತು. ಬಹಳ ಹೊತ್ತಿನ ಮೇಲೆ, ಕೆಳಗೆಲ್ಲೋ ನೀರಿನ ಸದ್ದು ಬಂತು.

ಚಪ್ಪಡಿಯಿಂದ ಒಂದೂವರೆ ಮೊಳ ದೂರದಲ್ಲಿ ನನ್ನ ಉರುಳೆಯ ಗುರುತಿತ್ತು.

ಮುದುಕಿ ಇನ್ನೂ ಎರಡು ಜಾಗ ತೋರಿಸಿದಳು. ಮೂರೂ ಸೇರಿ ನಾನು ಅಳೆದ ಪಟ್ಟೆಯನ್ನು ನಡುವೆ ಅಡ್ಡಲಾಗಿ ಕತ್ತರಿಸುತ್ತಿದ್ದವು. "ಇನ್ನೂ ಅವಾ ಅವ್ವ?" ಎಂದು ಕೇಳಿದೆ. "ಇರಬೇಕು. ನನಗ ಗೊತ್ತಿದ್ದು ಇಷ್ಟೇ," ಎಂದಳು. ಆ ಮಾತನ್ನು ನಾನು ಎಂದೂ ಮರೆತಿಲ್ಲ. ಬೆಳಿಗ್ಗೆ ನಾನು ಬರೆದುಕೊಟ್ಟಿದ್ದು ‘ಎಲ್ಲ ಕಡೆ’ ಎಂದು.

ತಾಲೂಕ್ದಾರ ಸಾಹೇಬರು ಹಬ್ಬದ ಭೇಟಿಗೆ ಬಂದವರನ್ನು ಕಳಿಸಿ ನನ್ನ ಮಾತು ಪೂರ್ತಿ ಕೇಳಿದರು. "ಮೂರೂ ಬಾಯಿ ಕಲ್ಲು ತುಂಬಿ ಮುಚ್ಚಿಬಿಡಿ. ಕೆಲಸ ಮುಗೀತು," ಎಂದರು.

"ಗೊತ್ತಿದ್ದ ಮೂರು ಮುಚ್ಚಬಹುದು, ಹುಜೂರ್. ಗೊತ್ತಿಲ್ಲದ್ದು ಎಷ್ಟವ ನಾ ಹ್ಯಾಂಗ ಹೇಳ್ಲಿ?"

"ಬೆಳಿಗ್ಗೆ ಗಟ್ಟಿ ಅಂತ ಬರೆದವರು ಯಾರು?"

"ನಾನೇ ಹುಜೂರ್. ಅದನ್ನ ಹಿಂದಕ್ಕ ತಗೋತೇನಿ. ನಾಳಿ ಮಧ್ಯಾಹ್ನದ ಮಟ ಬರಬ್ಯಾಡ್ರಿ ಅಂತ ತಂತಿ ಹೋಗಬೇಕು. ಅಷ್ಟ್ರಾಗ ಇಳಿಯೋ ಪಟ್ಟಿ ಬ್ಯಾರೆ ಕಡೆ ತಿರಗಸ್ತೇನಿ."

ಒಮ್ಮೆ ಬರಬೇಡ ಎಂದರೆ ಆ ತರುಣ ಮತ್ತೆ ಬರುತ್ತಾನೆಂಬ ಖಾತ್ರಿ ಇರಲಿಲ್ಲ. ನಾಡಿದ್ದಿನಿಂದ ವಿಮಾನಕ್ಕೆ ಬೇರೆ ಕೆಲಸವಿತ್ತು. ಡಾಕ್ಟರು ಹೇಳಿದ ನಾಲ್ಕು ದಿನವೂ ಮುಗಿಯುತ್ತಿತ್ತು. ನಾನು ಸುಮ್ಮನಿದ್ದಿದ್ದರೆ, ಹತ್ತಕ್ಕೆ ಒಂಬತ್ತು ಪಾಲು, ಗಾಲಿ ಆ ಚಪ್ಪಡಿಗಳನ್ನು ತಪ್ಪಿಸಿಕೊಂಡೇ ಹೋಗುತ್ತಿತ್ತೋ ಏನೋ. ಉಳಿದ ಒಂದು ಪಾಲು ನನ್ನನ್ನು ಅಲ್ಲಿಂದ ಕದಲಗೊಡಲಿಲ್ಲ.

"ಬರೀರಿ," ಎಂದರು ಕೊನೆಗೆ. "ಇದರ ಕೈಫಿಯತ್ತೂ ಬರೆಯಬೇಕಾಗುತ್ತದೆ, ನೆನಪಿರಲಿ."

ಹೊಸ ಪಟ್ಟೆಗೆ ಸುರಂಗವನ್ನು ದಾಟದ ಒಂದೇ ದಿಕ್ಕಿತ್ತು, ಈಶಾನ್ಯದಿಂದ ನೈರುತ್ಯಕ್ಕೆ. ಗಾಳಿಗೂ ಅದು ಅನುಕೂಲ. ಆದರೆ ಅಲ್ಲಿ ಜಾಲಿಗಿಡ, ಕಲ್ಲಿನ ರಾಶಿ, ಮೊಳದೆತ್ತರದ ಹಳೆಯ ಒಡ್ಡು. ಹಲಬರ್ಗಾದವರು ಹಿಂದಿನ ಸಂಜೆಯೇ ಊರು ಸೇರಿದ್ದರು. ಮೇಸ್ತ್ರಿ ಒಬ್ಬ ಉಳಿದಿದ್ದ. ನೂರಾರು ಜನ ಕೆಲಸವಿಲ್ಲದೆ ಕೂತ ಜಾಗ ಊರಿನಲ್ಲಿ ಒಂದೇ.

ಸ್ಟೇಶನ್ನಿಗೆ ಹೋಗಿ ಬೆಂಚಿನ ಮೇಲೆ ನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಸುರಂಗದ ಮಾತನ್ನೂ ಮುಚ್ಚಿಡಲಿಲ್ಲ.

"ಆ ವಿಮಾನ ನಮ್ಮನ್ನೂ ಒಯ್ತದೇನ್ರಿ?" ಎಂದು ಒಬ್ಬ ಜರಿಯ ಟೋಪಿಯವರು ಕೇಳಿದರು.

"ಇಲ್ರಿ. ಒಬ್ಬರನ್ನೇ."

"ಮತ್ತ ನಮಗೇನು ಫಾಯದಾ?"

ಹಿಂದಿನಿಂದ ಒಬ್ಬ ಹೆಣ್ಣುಮಗಳು, "ನಿನ್ನಿ ಕಾಂಟೆ ಮ್ಯಾಲ ನಿಂತಿದ್ರಲ್ರಿ, ಆ ಬಾಯಿಗೇ ಏನು?" ಎಂದಳು. ಹೌದೆಂದೆ. ಅವಳು ಗಂಡನ ಕಡೆ ನೋಡಿದಳು. ಗಂಡ ಎದ್ದು ಧೋತರ ಮೇಲೆ ಕಟ್ಟಿದ.

ಬೆಳಗಾಗುವಾಗ ಬಯಲಿನಲ್ಲಿ ಅರವತ್ತರ ಮೇಲೆ ಜನ ಇದ್ದರು. ಹಬ್ಬದ ಹೊಸ ಬಟ್ಟೆಯಲ್ಲೇ ಬಂದಿದ್ದರು. ಇಡೀ ವಾರ ಅವರಿಗೆ ಅದೇ ಬಟ್ಟೆ. ವಿಮಾನ ನೋಡುವ ಆಸೆಗೆ ಬಂದವರೂ ಇದ್ದರು, ಅದರಲ್ಲಿ ತಪ್ಪೇನಿಲ್ಲ. ಸಾಲಾಗಿ ನಿಲ್ಲಿಸಿ ಕೈಯಿಂದ ಕೈಗೆ ಕಲ್ಲು ದಾಟಿಸಿದೆ. ಜರಿಯ ಟೋಪಿಯವರು ಟೋಪಿಯನ್ನು ಗಿಡಕ್ಕೆ ಸಿಕ್ಕಿಸಿ ಒಡ್ಡು ಕೀಳಲು ನಿಂತರು. ಹುಲ್ಲಿನ ಮುದುಕಿ ಪಟ್ಟೆಯ ಉದ್ದಕ್ಕೂ ನಡೆದು ಅಲ್ಲಲ್ಲಿ ಕಾಲು ತಟ್ಟಿ, ಕಿವಿಗೊಟ್ಟು, "ಇಲ್ಲಿ ಏನೂ ಇಲ್ಲ," ಎನ್ನುತ್ತ ಬಂದಳು. ನಾನು ಅವಳ ಹಿಂದೆ ಹಾರೆ ಹೊಡೆಯುತ್ತ ಬಂದೆ, ಹತ್ತು ಹೆಜ್ಜೆಗೊಂದರಂತೆ. ಹಳೆಯ ವರ್ತುಲವನ್ನು ಮಣ್ಣು ಹಾಕಿ ಅಳಿಸಿದೆವು. ಉರುಳೆ ಕೊನೆಯ ಸುತ್ತು ಮುಗಿಸುವಾಗ ಹನ್ನೊಂದು ಹೊಡೆದಿತ್ತು. ಹೊಸ ವರ್ತುಲ ಎಳೆದು, ಹಾರೆ ಹೊಡೆದು ನೋಡಿದ ಕಡೆ ಗಟ್ಟಿಯಿದೆ ಎಂದಷ್ಟೇ ಬರೆದು ಎರಡನೆಯ ತಂತಿ ಕಳಿಸಿದೆ. ಹಸಿ ಹುಲ್ಲಿಗೆ ಬೆಂಕಿಯಿಟ್ಟೆವು. ಹೊಗೆ ನೈರುತ್ಯಕ್ಕೆ ಬಾಗಿತು.

ಹನ್ನೆರಡಾಯಿತು. ಸದ್ದಿಲ್ಲ. ನರ್ಸಬಾಯಿ ಕಿವಿಗೆ ಹತ್ತಿಯಿಟ್ಟುಕೊಂಡು, ಡಾಕ್ಟರ ಕೋಟು ತೊಟ್ಟು, ಕುರ್ಚಿಯಲ್ಲಿ ಕೂತಿದ್ದರು. ಊರ ಜನ ಒತ್ತರಿಸಿ ಬರುತ್ತಿತ್ತು. ಪಟ್ಟೆಯೊಳಗೆ ಒಬ್ಬರೂ ಕಾಲಿಡಲಿಲ್ಲ. ಬೆಳಗಿನಿಂದ ಕಲ್ಲು ಹೊತ್ತವರೇ ಕೈ ಕೈ ಹಿಡಿದು ಅಡ್ಡ ನಿಂತಿದ್ದರು. ಪೋಲೀಸರಿಗೆ ಕೆಲಸವೇ ಉಳಿಯಲಿಲ್ಲ. ಹನ್ನೆರಡೂಮುಕ್ಕಾಲಿಗೆ ಮೊದಲು ಕೇಳಿದವರು ನರ್ಸಬಾಯಿಯೇ.

"ಬಂತು ನೋಡ್ರಿ," ಎಂದರು. ನಮಗೆ ಕೇಳಿಸಿದ್ದು ಆಮೇಲೆ.

ವಿಮಾನ ಎರಡು ಸುತ್ತು ಹಾಕಿ, ಹೊಗೆಗೆ ಎದುರಾಗಿ ಇಳಿಯಿತು. ಗಾಲಿ ನೆಲಕ್ಕೆ ತಾಗಿ, ಎದ್ದು, ಮತ್ತೆ ತಾಗಿ ಓಡುವಾಗ ನಾನು ನೋಡಿದ್ದು ಗಾಲಿಯನ್ನಲ್ಲ, ಅದರ ಮುಂದಿನ ನೆಲವನ್ನು. ನಾನೂರು ಗಜಕ್ಕೆ ನಿಂತಿತು. ತರುಣ ಇಂಜಿನ್ ನಿಲ್ಲಿಸದೆಯೇ ಕೈ ಬೀಸಿದ. ನರ್ಸಬಾಯಿ ಅಂಚನ್ನು ತಡವಿದರು, ಎಡಗಾಲು ಹಲಗೆಯ ಮೇಲೆ, ಬಲಗಾಲು ಸೀದಾ ಒಳಗೆ. ಅವನು ನನ್ನ ಕಡೆ ಬೆರಗಿನಿಂದ ನೋಡಿದ. ಕುಳಿಯ ಸೊಂಟಪಟ್ಟಿ ಬಿಗಿದೆವು. ಕೈಗಳನ್ನು ಅವರು ಆಗಲೇ ಮಡಿಲಲ್ಲಿ ಕಟ್ಟಿಕೊಂಡಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ಯಾವುದೋ ವಚನವಿರಬೇಕು, ಆ ಸದ್ದಿನಲ್ಲಿ ಕೇಳಲಿಲ್ಲ.

ವಿಮಾನ ಕಣ್ಮರೆಯಾದ ಮೇಲೆ ಸ್ಟೇಶನ್ನಿನವರು ತಮ್ಮ ಗಂಟುಗಳ ಕಡೆ ನಡೆದರು. ಜರಿಯ ಟೋಪಿಯವರ ಅಂಗೈ ಹರಿದು ರಕ್ತ ಬಂದಿತ್ತು. ಡಾಕ್ಟರು ಅಲ್ಲೇ ಪಟ್ಟಿ ಕಟ್ಟಿದರು.

ನಡೆದ ತಪ್ಪಿಗೆ ವಿವರಣೆ ಕೊಟ್ಟು ನಾನು ಕೈಫಿಯತ್ತು ಬರೆದೆ. ನೆಲವನ್ನು ಪೂರ್ತಿ ಪರೀಕ್ಷಿಸದೆ ಸಹಿ ಹಾಕಿದ್ದಕ್ಕೆ ಎಚ್ಚರಿಕೆಯ ಒಂದು ಸಾಲು ನನ್ನ ಸೇವಾ ಪುಸ್ತಕ ಸೇರಿತು. ಅದು ಸರಿಯಾಗಿಯೇ ಇತ್ತು. ಆಮೇಲೆ ಎಲ್ಲಿ ಕೆಲಸಕ್ಕೆ ಹೋದರೂ, ಅಳತೆ ಹಿಡಿಯುವ ಮೊದಲು ಅಲ್ಲಿ ಹುಲ್ಲು ಕೊಯ್ಯುವವರು, ದನ ಕಾಯುವವರು ಯಾರೆಂದು ವಿಚಾರಿಸುವುದು ನನಗೆ ರೂಢಿಯಾಯಿತು.

ಬಲಗಣ್ಣು ಉಳಿಯಲಿಲ್ಲ. ಎಡಗಣ್ಣು ಉಳಿಯಿತು. ಮೂರು ತಿಂಗಳ ಮೇಲೆ ಸೇತುವೆಯ ಕೆಲಸಕ್ಕೆಂದು ಭಾಲ್ಕಿಗೆ ಹೋದಾಗ ದವಾಖಾನೆಯ ಮುಂದೆ ಅವರು ಕಂಡರು. ದಪ್ಪ ಗಾಜಿನ ಕನ್ನಡಕ ಹಾಕಿದ್ದರು. ನನ್ನ ದನಿ ಕೇಳಿದ ಮೇಲೆ ಗುರುತು ಸಿಕ್ಕಿತು. ಮೊದಲ ಸಲ ನನ್ನ ಮುಖ ನೋಡಿ, "ಇಷ್ಟು ಸಣ್ಣ ವಯಸ್ಸಿನವರೇನ್ರಿ ನೀವು!" ಎಂದರು.

ಚಹಾ ತರಿಸಿದರು. ಊರಲ್ಲಿ ಎಲ್ಲರೂ ಮೇಲಿನಿಂದ ಏನು ಕಂಡಿತೆಂದು ಕೇಳುತ್ತಾರಂತೆ. "ಕಣ್ಣಿಗಿ ಪಟ್ಟಿ ಕಟ್ಟಿತ್ತು ಅಂದ್ರೂ ಬಿಡಂಗಿಲ್ರಿ. ಥಂಡಿ ಇತ್ತು, ಎಣ್ಣಿ ವಾಸನಿ ಇತ್ತು ಅಂತೇನಿ. ಅಷ್ಟಕ್ಕ ಅವರಿಗಿ ಸಮಾಧಾನ ಆಗಂಗಿಲ್ಲ."

"ಅಂಜಿಕಿ ಆಗಲಿಲ್ಲೇನ್ರಿ?" ಎಂದೆ.

"ಆಗಿತ್ರಿ. ನೆಲ ಬಿಡೂವಾಗ ಒಂದು ಕುಲುಕು ಬರ್ತದ ಅಂತ ಡಾಕ್ಟರ್ ಸಾಹೇಬರು ಹೇಳಿದ್ರು. ಈಗ ಬರ್ತದ, ಈಗ ಬರ್ತದ ಅಂತ ಹಲ್ಲು ಕಚ್ಚಿ ಕುಂತೆ. ಎಷ್ಟೋ ಹೊತ್ತಿನ ಮ್ಯಾಲ ಆ ಹುಡುಗ ಹಿಂದಿನಿಂದ ಹೆಗಲು ಮುಟ್ಟಿ, ಮಾಂಜ್ರಾ ನದಿ ದಾಟಿದಿವಿ ಅಂದ." ಅವರು ಬಟ್ಟಲು ಕೆಳಗಿಟ್ಟರು. "ನೆಲ ಎಲ್ಲಿ ಮುಗೀತು ಅಂತ ನನಗ ಗೊತ್ತೇ ಆಗ್ಲಿಲ್ರಿ."